ಮಂಕಾದ ದನಿ, ಒಂದು ಸಣ್ಣ ಸ್ಕ್ರೂ

ಸೆಕೆಂಡ್‌ಹ್ಯಾಂಡ್‌ನಲ್ಲಿ ತಗೊಂಡ ಹಳೇ ಕ್ಯಾಸೆಟ್ ಡೆಕ್ ಅದು. ಪ್ಲೇ ಒತ್ತಿದರೆ ಮೋಟಾರ್ ತಿರುಗುವ ಸದ್ದು ಕೇಳುತ್ತಿತ್ತು, ಟೇಪ್ ಮಾತ್ರ ಅಲ್ಲಾಡುತ್ತಿರಲಿಲ್ಲ. ಹೀಗಾದರೆ ನನ್ನ ಮೊದಲ ಅನುಮಾನ ಬೆಲ್ಟ್ ಮೇಲೆ, ಅಂದರೆ ಮೋಟಾರಿನ ತಿರುಗಾಟವನ್ನು ಟೇಪ್ ಓಡಿಸುವ ಚಕ್ರಕ್ಕೆ ದಾಟಿಸುವ ರಬ್ಬರ್ ಪಟ್ಟಿ ಮೇಲೆ.

ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಸುಮ್ನೆ ಬಿಟ್ಟು ಮುಚ್ಚಳ ತೆಗೆದೆ. ಪ್ಲಗ್ ಕಿತ್ತ ಮೇಲೂ ಪವರ್ ಸಪ್ಲೈ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರಬಹುದು, ಅದಕ್ಕೆ. ಬೆಲ್ಟ್ ಇರಬೇಕಾದ ಜಾಗದಲ್ಲಿ ಡಾಂಬರಿನಂಥ ಕರಿ ಅಂಟು! ಹಳೇ ಬೆಲ್ಟುಗಳು ಎಷ್ಟೋ ಸಲ ಹೀಗೇ ಕರಗಿಬಿಡುತ್ತವೆ. ಕೈಗೆ ಹತ್ತಿದರೆ ಸೋಪಿಗೂ ಜಗ್ಗುವುದಿಲ್ಲ. ಗ್ಲೌಸ್ ಹಾಕಿಕೊಂಡು, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹತ್ತಿ ಸುತ್ತಿದ ಕಡ್ಡಿ ಅದ್ದಿ, ಬೆಲ್ಟ್ ಓಡುವ ಎರಡು ಚಕ್ರಗಳನ್ನೂ, ಅಂದರೆ ಮೋಟಾರಿನ ಪುಲ್ಲಿ, ದೊಡ್ಡ ಫ್ಲೈವೀಲ್ ಎರಡನ್ನೂ ಒರೆಸಿದೆ. ಹತ್ತಿ ಬೆಳ್ಳಗೇ ಬರುವವರೆಗೆ ಬಿಡಲಿಲ್ಲ. ಚೂರು ಅಂಟು ಉಳಿದರೂ ಹೊಸ ಬೆಲ್ಟ್ ಅಲ್ಲೇ ಎಡವುತ್ತದೆ, ಹಾಡು ಓಲಾಡುತ್ತದೆ.

ಅಳತೆಗೆ ಹಳೇ ಬೆಲ್ಟೇ ಇಲ್ಲವಲ್ಲ. ಅದು ಓಡುವ ದಾರಿಯಲ್ಲೇ ದಾರ ಸುತ್ತಿ ಅಳೆದು, ಹೊಸ ಬೆಲ್ಟ್ ಬಿಗಿಯಾಗಿ ಕೂರಲಿ ಅಂತ ನೂರಕ್ಕೆ ಐದರಷ್ಟು ಕಳೆದೆ. ಆದರೆ ಬಿಗಿ ತೀರಾ ಜಾಸ್ತಿಯಾದರೆ ಮೋಟಾರಿನ ಬೇರಿಂಗ್ ಸವೆಯುತ್ತದೆ.

ಡೆಕ್ ಓಡಿತು. ಆದರೆ ದನಿ ಮಂಕು. ಕಂಬಳಿ ಹೊದ್ದುಕೊಂಡು ಹಾಡಿದ ಹಾಗೆ. ತಾಳದ ಕಿಣಿಕಿಣಿಯೇ ಇಲ್ಲ. ಟೇಪಿಗೆ ತಾಗಿಕೊಂಡು ದನಿ ಓದುವ ಭಾಗವಾದ ಹೆಡ್ ಒರೆಸಿದೆ, ಕಂದು ಪುಡಿ ಬಂತು, ದನಿ ಚೂರು ತಿಳಿಯಾಯಿತು ಅಷ್ಟೆ. ಹೆಡ್ಡೇ ಸವೆದಿದೆ ಅಂದುಕೊಂಡು ಬೇರೆ ಹೆಡ್ ಹುಡುಕೋಕೆ ಶುರು ಮಾಡಿದ್ದೆ. ಆಮೇಲೆ ಟಾರ್ಚ್ ಬಿಟ್ಟು ನೋಡಿದರೆ, ಹೆಡ್ಡಿನ ಪಕ್ಕದ ಸ್ಕ್ರೂ ಮೇಲಿನ ಬಣ್ಣದ ಸೀಲ್ ಒಡೆದಿತ್ತು. ನನಗಿಂತ ಮೊದಲೇ ಯಾರೋ ಅದನ್ನು ತಿರುಗಿಸಿದ್ದರು.

ಆ ಸ್ಕ್ರೂ ಇರುವುದು ಅಜಿಮುತ್‌ಗೆ. ಅಂದರೆ ಹೆಡ್ಡಿನ ಮುಖದಲ್ಲಿರುವ ಸಣ್ಣ ಸೀಳು ಟೇಪ್ ಓಡುವ ದಿಕ್ಕಿಗೆ ಲಂಬವಾಗಿ ನಿಲ್ಲುವ ಹಾಗೆ ಮಾಡುವುದಕ್ಕೆ. ಕ್ಯಾಸೆಟ್ ಟೇಪ್ ಓಡುವುದು ಸೆಕೆಂಡಿಗೆ 4.76 ಸೆಂ.ಮೀ. ಆ ವೇಗದಲ್ಲಿ 10,000 ಹರ್ಟ್ಸ್‌ನ ಒಂದು ಅಲೆಗೆ ಟೇಪ್ ಮೇಲೆ ಸಿಗುವ ಜಾಗ 5 ಮೈಕ್ರಾನ್‌ಗೂ ಕಡಿಮೆ. ಸೀಳು ಚೂರು ವಾಲಿದರೂ ಟ್ರೆಬಲ್, ಅಂದರೆ ಕಿಣಿಕಿಣಿಯಂಥ ತಾರ ದನಿ, ಹೋಯಿತು ಅಂತಲೇ ಲೆಕ್ಕ.

ಕಿವಿಯನ್ನೇ ನಂಬಿ ಸರಿ ಮಾಡಿದೆ. ಕಂಪನಿಯಿಂದಲೇ ಹಾಡು ತುಂಬಿ ಬಂದ ಕ್ಯಾಸೆಟ್ ಹಾಕಿ, ಟೇಪಿನ ಹಿಸ್ ಸದ್ದು ತಗ್ಗಿಸುವ ಡಾಲ್ಬಿ ಆಫ್ ಮಾಡಿ, ಆಂಪ್ಲಿಫೈಯರನ್ನು ಮೋನೋದಲ್ಲಿ ಇಟ್ಟೆ. ಮೋನೋದಲ್ಲಿ ಎಡ ಬಲ ಎರಡೂ ಸೇರುವುದರಿಂದ ಸ್ಕ್ರೂ ಸ್ವಲ್ಪ ತಪ್ಪಿದರೂ ಕಿವಿಗೆ ಗೊತ್ತಾಗುತ್ತದೆ. ಕಾಂತ ಹತ್ತಿದ ಸ್ಕ್ರೂಡ್ರೈವರನ್ನು ಮಾತ್ರ ಹೆಡ್ ಹತ್ತಿರ ತರಬಾರದು. ಚೂರುಚೂರೇ ತಿರುಗಿಸಿದೆ. ಕಾಲು ಸುತ್ತು ಕೂಡ ಆಗಿರಲಿಲ್ಲ, ತಾಳ ಕಿಣಿ ಅಂತು. ಮೈ ಜುಮ್ಮೆಂದಿತು.

ಮನೆಯಲ್ಲಿ ರೆಕಾರ್ಡ್ ಮಾಡಿದ ಕ್ಯಾಸೆಟ್ ಇಟ್ಟುಕೊಂಡು ಈ ಕೆಲಸ ಮಾಡಬೇಡಿ. ಅದನ್ನು ರೆಕಾರ್ಡ್ ಮಾಡಿದ ಡೆಕ್ಕೇ ವಾಲಿದ್ದರೆ ಮಿಕ್ಕ ಕ್ಯಾಸೆಟ್‌ಗಳೆಲ್ಲ ಮಂಕಾಗುತ್ತವೆ, ಅಲ್ವಾ? ನಾನು ಇನ್ನೆರಡು ಕಂಪನಿ ಕ್ಯಾಸೆಟ್ ಹಾಕಿ ನೋಡಿದೆ. ಅವುಗಳಲ್ಲೂ ದನಿ ಅಷ್ಟೇ ತಿಳಿಯಾಗಿ ಬಂದ ಮೇಲೆ, ಸ್ಕ್ರೂ ತಲೆಗೆ ಒಂದು ಹನಿ ನೇಲ್ ಪಾಲಿಶ್ ಹಚ್ಚಿ ಸೀಲ್ ಮಾಡಿದೆ.