ಅಗಸಿ ಗುಂಡು ಹೆಗಲಿಗೆ ಬಂತು

ನಮ್ಮೂರ ಅಗಸಿ, ಅಂದರೆ ಊರ ಬಾಗಿಲ ಮುಂದಿನ ಕಲ್ಲಿನ ಗುಂಡು ಎರಡು ಕ್ವಿಂಟಲ್ ಇದೆ ಅಂತ ಎಲ್ಲರೂ ಹೇಳುತ್ತಿದ್ದರು. ಚಿಕ್ಕಂದಿನಿಂದ ನಾನೂ ಅದನ್ನೇ ನಂಬಿದ್ದೆ. ಮೂರು ವರ್ಷದ ಹಿಂದೆ ನಾವು ನಾಲ್ಕು ಜನ ಅದನ್ನು ಉರುಳಿಸಿಕೊಂಡು ಹೋಗಿ ಕಾಳಿನ ಅಂಗಡಿಯ ತೂಕದ ಯಂತ್ರದ ಮೇಲೆ ಇಟ್ಟೆವು. 104 ಕೆ.ಜಿ. ಬಂತು. ಹಿರಿಯರಿಗೆ ಬೇಜಾರಾಯಿತು. ನನಗೆ ಮಾತ್ರ ಆವತ್ತೇ ಆಸೆ ಹುಟ್ಟಿತು. ಎರಡು ಕ್ವಿಂಟಲ್ ನನ್ನಿಂದ ಆಗಲ್ಲ, 104 ಆಗುತ್ತೆ.

ಈ ಕಾರಹುಣ್ಣಿಮೆಗೆ ಆಯಿತು. ನನಗೀಗ 43, ಮೈ ತೂಕ 78ರ ಆಸುಪಾಸು. ನೆಲದಿಂದ ತೊಡೆ, ತೊಡೆಯಿಂದ ಎದೆ, ಎದೆಯಿಂದ ಬಲ ಹೆಗಲು. ಹೆಗಲ ಮೇಲಿಟ್ಟುಕೊಂಡೇ ಹನುಮಪ್ಪನ ಗುಡಿ ಕಟ್ಟೆವರೆಗೆ ಹತ್ತು ಹನ್ನೆರಡು ಹೆಜ್ಜೆ ಹಾಕಿದೆ. ನಲವತ್ತು ದಾಟಿದ ಮೇಲೆ ಅದನ್ನು ಹೆಗಲಿಗೆ ತಂದವರನ್ನು ನಮ್ಮೂರಲ್ಲಿ ನಾನಂತೂ ನೋಡಿಲ್ಲ. ಹೇಗೆ ಮಾಡಿದೆ ಅಂತ ಕೇಳುವವರು ಜಾಸ್ತಿಯಾಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ದಂಡ, ಬೈಠಕ್, ಡೆಡ್‌ಲಿಫ್ಟ್ ಇಂಥ ಮಾಮೂಲಿ ಕಸರತ್ತುಗಳನ್ನು ಬಿಟ್ಟುಬಿಡುತ್ತೇನೆ.

ಮೊದಲ ವರ್ಷ ಪೂರ್ತಿ ಹಾಳಾಯಿತು. ಜಿಮ್‌ನಲ್ಲಿ 150 ಕೆ.ಜಿ. ಡೆಡ್‌ಲಿಫ್ಟ್, ಅಂದರೆ ಭಾರದ ಬಾರ್ ಅನ್ನು ನೆಲದಿಂದ ಸೊಂಟದವರೆಗೆ ಎತ್ತುವುದು, ಬರುತ್ತಿತ್ತು. ಆ ಧೈರ್ಯದ ಮೇಲೆ ಗುಂಡಿಗೆ ಕೈ ಹಾಕಿದೆ. ಮೊಣಕಾಲಿನವರೆಗೂ ಬರಲಿಲ್ಲ. ಬಾರ್‌ಗೆ ಹಿಡಿ ಇದೆ, ಗುಂಡಿಗೆ ಎಲ್ಲಿದೆ? ಜಾರತೊಡಗಿದಾಗ ತೋಳು ಮಡಚಿ ತಡೆಯಲು ಹೋದೆ. ಎಡ ಮೊಣಕೈ ಒಳಗೆ ಚುಳ್ ಅಂದಿತು. ಸ್ಕ್ಯಾನು, ಫಿಸಿಯೋಥೆರಪಿ ಎಲ್ಲ ಸೇರಿ ಒಂಬತ್ತು ಸಾವಿರ ಹೋಯಿತು. ನಾಲ್ಕು ತಿಂಗಳು ಭಾರ ಮುಟ್ಟಲಿಲ್ಲ. ಜಿಮ್ ಕೋಚ್ "ಈ ವಯಸ್ಸಿಗೆ ಇದೆಲ್ಲ ಬೇಡ" ಅಂದರು. ಗರಡಿಯ ಉಸ್ತಾದರು "ಗುಂಡು ಎತ್ತಬೇಕಂದ್ರೆ ದಿನಾ ಗುಂಡನ್ನೇ ಎತ್ತಬೇಕು, ಬೇರೆ ದಾರಿ ಇಲ್ಲ" ಅಂದರು. ಎತ್ತೋಕೇ ಆಗದ್ದನ್ನು ದಿನಾ ಎತ್ತೋದು ಹೇಗೆ?

ಆಮೇಲೆ ಕಾಂಕ್ರೀಟ್ ಗುಂಡು ಎರಕ ಹೊಯ್ಯುವ ಹುಚ್ಚು ಹಿಡಿಯಿತು. ಊರ ಗುಂಡಿನ ಅಡ್ಡಗಲ ಹದಿನಾರೂವರೆ ಇಂಚು. ಅದೇ ಅಳತೆಯ ಪ್ಲಾಸ್ಟಿಕ್ ಚೆಂಡು ತಂದು, ಒಳಗೆ ಕಾಂಕ್ರೀಟ್ ತುಂಬಿದೆ. ಚೆಂಡು ಭಾರಕ್ಕೆ ಕುಸಿದು ಮಾವಿನಕಾಯಿ ಆಕಾರ ಬಂತು. ಎರಡನೆಯದಕ್ಕೆ ಪ್ಲಾಸ್ಟರ್ ಅಚ್ಚು ಮಾಡಿದೆ. ಆತುರಪಟ್ಟು ಮಾರನೇ ದಿನವೇ ಬಿಚ್ಚಿದೆ, ಎರಡು ಹೋಳಾಯಿತು. ಮೂರನೆಯದು ಸರಿ ಬಂತು. ಸಿಮೆಂಟು, ಜಲ್ಲಿ, ಅಚ್ಚು ಎಲ್ಲ ಸೇರಿ ಮೂರೂವರೆ ಸಾವಿರ. ಅದನ್ನು ಆರು ತಿಂಗಳಲ್ಲಿ ಹೆಗಲಿಗೂ ತಂದೆ. ಖುಷಿಯಲ್ಲಿ ಅಗಸಿಗೆ ಹೋದರೆ ಗುಂಡು ತೊಡೆ ಬಿಟ್ಟು ಮೇಲೇಳಲಿಲ್ಲ. ಮನೆಗೆ ಬಂದು ನನ್ನದನ್ನು ತೂಗಿಸಿದೆ. 93 ಕೆ.ಜಿ. ಅಳತೆ ಒಂದೇ ಆದರೂ ಗ್ರಾನೈಟ್ ಕಾಂಕ್ರೀಟ್‌ಗಿಂತ ಹತ್ತರಲ್ಲೊಂದು ಪಾಲು ಜಾಸ್ತಿ ತೂಗುತ್ತದೆ. ಮೊದಲೇ ತೂಗಿಸಿದ್ದರೆ ಆರು ತಿಂಗಳು ಉಳಿಯುತ್ತಿತ್ತು. ನೀವು ಎರಕ ಹೊಯ್ಯುವುದಾದರೆ ಅಳತೆ ಬಿಡಿ, ತೂಕ ನೋಡಿ.

ದಾರಿ ಸಿಕ್ಕಿದ್ದು ಎಪಿಎಂಸಿಯಲ್ಲಿ. ಅಲ್ಲಿನ ಒಬ್ಬ ಹಮಾಲ ಜಾತ್ರೆಯಲ್ಲಿ ಸುಮ್ನೆ ಬಂದು ಗುಂಡು ಎತ್ತಿ ಹೋಗುತ್ತಿದ್ದ. ಗರಡಿ ಇಲ್ಲ, ಜಿಮ್ ಇಲ್ಲ. ದಿನವಿಡೀ ಜೋಳದ ಚೀಲ, ಅಷ್ಟೇ. ಅವನು ಚೀಲ ಎತ್ತುವುದನ್ನು ಎರಡು ದಿನ ಕೂತು ನೋಡಿದೆ. ಅವನು ತೋಳಿಂದ ಎತ್ತುತ್ತಲೇ ಇರಲಿಲ್ಲ. ಚೀಲವನ್ನು ತೊಡೆಗೆ ತಂದು ಒಂದು ಕ್ಷಣ ಕೂರಿಸುತ್ತಿದ್ದ. ಅಲ್ಲಿಂದ ಸೊಂಟ ಮುಂದಕ್ಕೆ ಒತ್ತಿದರೆ ಚೀಲ ತಾನೇ ಮೇಲೆ ಬರುತ್ತಿತ್ತು.

ಗುಂಡು ಬಿಟ್ಟು ಮರಳಿನ ಚೀಲ ಹಿಡಿದೆ. ಗೊಬ್ಬರದ ಚೀಲ ಒಳಗೆ, ಗೋಣಿ ಹೊರಗೆ. ಮರಳಿಗೆ ದುಡ್ಡು ಬೇಕಿಲ್ಲ, ಪಕ್ಕದ ಮನೆ ಕಟ್ಟುತ್ತಿದ್ದರು. 60 ಕೆ.ಜಿ.ಯಿಂದ ಶುರು ಮಾಡಿ ವಾರಕ್ಕೆ ಎರಡೇ ಕಿಲೋ ಏರಿಸಿದೆ. ವಾರಕ್ಕೆ ಎರಡೇ ದಿನ. ಮೊದಲ ದಿನ ನೆಲದಿಂದ ತೊಡೆಗೆ ಮಾತ್ರ, ಹತ್ತು ಎಣಿಸುವವರೆಗೆ ಅಪ್ಪಿ ಕೂರುವುದು. ಎರಡನೇ ದಿನ ಎತ್ತರದ ಕಟ್ಟೆಯಿಂದ ತೊಡೆಗೆ ಎಳೆದುಕೊಂಡು ಅಲ್ಲಿಂದ ಹೆಗಲಿಗೆ. ಎರಡನ್ನೂ ಒಂದೇ ದಿನ ಮಾಡಿದರೆ ಬೆನ್ನು ಸುಸ್ತಾಗುತ್ತದೆ, ಕೊನೆಗೆ ತೋಳು ಮಡಚುತ್ತೇವೆ. ಮತ್ತೆ ಮೊಣಕೈ ಹೋಗುತ್ತದೆ. ನೆಲದಿಂದ ತೊಡೆವರೆಗೆ ತೋಳು ಹಗ್ಗದ ಹಾಗೆ ನೇರ ಇರಬೇಕು.

ಉಸ್ತಾದರು "ಮರಳು ಎತ್ತಿದವನು ಕಲ್ಲು ಎತ್ತಲ್ಲ" ಅಂದರು. ನನಗೆ ಆರ್ಥರ್ ಸ್ಯಾಕ್ಸನ್ ನೆನಪಾದ. 1905ರ ಹೊತ್ತಿಗೆ ಒಂದೇ ಕೈಯಲ್ಲಿ 168 ಕೆ.ಜಿ. ಬೆಂಟ್ ಪ್ರೆಸ್ (ಮೈ ಪಕ್ಕಕ್ಕೆ ಬಗ್ಗಿಸಿ ಭಾರವನ್ನು ತಲೆ ಮೇಲೆ ಎತ್ತುವುದು) ಮಾಡಿದ ಜರ್ಮನಿಯವನು. ಅವನೂ ಹಿಟ್ಟಿನ ಮೂಟೆ ಎತ್ತುತ್ತಿದ್ದ. ನಮ್ಮ ವ್ಯಾಯಾಮ ಗುರು ಕೆ.ವಿ. ಅಯ್ಯರ್ ಬೆಂಗಳೂರಲ್ಲಿ ಬಾರ್‌ಬೆಲ್ ಜತೆಗೇ ಸೂರ್ಯನಮಸ್ಕಾರ ಕಲಿಸಿದರು. ಗರಡಿ ಬೇರೆ, ಜಿಮ್ ಬೇರೆ ಅನ್ನುವ ಜಗಳ ನನಗೆ ಇಷ್ಟವಿಲ್ಲ.

ನಡುವೆ ಬೇರೆ ಪ್ರಯೋಗಗಳೂ ಆದವು. ಆರಿಂಚಿನ ಮೊಳೆ ಬಗ್ಗಿಸಲು ಕಲಿತೆ. ಸೈಕಲ್ ಟ್ಯೂಬ್ ಸುತ್ತಿ ಗದ್ದದ ಕೆಳಗೆ ಹಿಡಿದು ಒತ್ತುವುದು. ಸುಮಾರು ಎರಡು ಕೆ.ಜಿ. ಮೊಳೆ ಮುಗಿಸಿದೆ. ಮಣಿಕಟ್ಟು ಗಟ್ಟಿಯಾಯಿತು, ಗುಂಡಿಗೆ ಉಪಯೋಗವಾಗಲಿಲ್ಲ. ರಾಳವನ್ನು ಹರಳೆಣ್ಣೆಯಲ್ಲಿ ಕರಗಿಸಿ ಕೈಗೆ ಹಚ್ಚಿ ನೋಡಿದೆ. ಗುಂಡು ನೆಲ ಬಿಟ್ಟಿತು, ಆದರೆ ಕೈ ಗುಂಡು ಬಿಡಲಿಲ್ಲ. ಮುಂಗೈ ಕೂದಲೆಲ್ಲ ಕಿತ್ತುಬಂತು. ಜಾತ್ರೆಯಲ್ಲಿ ಅದನ್ನು ಹಚ್ಚಲು ಬಿಡುವುದೂ ಇಲ್ಲ. ವಿಭೂತಿಯೇ ವಾಸಿ. ಅದರ ಜತೆ ನಾನು ಇನ್ನೊಂದು ಬೆರೆಸುತ್ತೇನೆ, ಅದನ್ನು ಇಲ್ಲಿ ಬರೆಯಲ್ಲ. ಪಾದ ಎಲ್ಲಿ ಇಡುತ್ತೇನೆ ಅನ್ನುವುದನ್ನೂ ಎದುರಿಗೆ ಬಂದವರಿಗಷ್ಟೇ ತೋರಿಸುತ್ತೇನೆ.

ಒಂದು ಪ್ರಯೋಗ ಮಾತ್ರ ಚಿನ್ನ. ಸ್ಪೇನಿನ ಬಾಸ್ಕ್ ಜನ ಕಲ್ಲು ಎತ್ತುವಾಗ ದಪ್ಪ ಒಳಂಗಿ ಹಾಕಿ ಸೊಂಟಕ್ಕೆ ಪಟ್ಟಿ ಬಿಗಿಯುತ್ತಾರೆ. ಅವರಲ್ಲಿ ಮಿಯೆಲ್ಚೊ ಸರಲೆಗಿ 1993ರಲ್ಲಿ 329 ಕೆ.ಜಿ. ಹೆಗಲಿಗೆ ತಂದ. ಅವರ ವಿಡಿಯೋ ನೋಡಿ ನಮ್ಮೂರ ದರ್ಜಿಯ ಹತ್ತಿರ ಗೋಣಿ ಬಟ್ಟೆಯ ಒಳಂಗಿ ಹೊಲಿಸಿದೆ, 350 ರೂಪಾಯಿ. ಎದೆ ಮೇಲೆ ಗುಂಡು ಜಾರುವುದೇ ನಿಂತಿತು. ಅಂಗಿ ಬಿಚ್ಚಿ ಎತ್ತಿದರೆ ಗಂಡಸುತನ ಅನ್ನುವವರು ಬೆವರಿದ ಎದೆ ಮೇಲೆ ಒಮ್ಮೆ ಗ್ರಾನೈಟ್ ಇಟ್ಟು ನೋಡಲಿ.

ಆ 329ನ್ನು ನೆನಪಿಟ್ಟುಕೊಂಡೇ ಹಳೆಯ ಕಥೆಗಳನ್ನು ಕೇಳಬೇಕು ಅನ್ನುತ್ತೇನೆ. 1902ರಲ್ಲಿ ಗಾಮಾ ಪೈಲ್ವಾನ ಬರೋಡಾದಲ್ಲಿ 1200 ಕೆ.ಜಿ. ಕಲ್ಲು ಎತ್ತಿದರು ಅನ್ನುತ್ತಾರೆ. ಆ ಕಲ್ಲು ಅಲ್ಲಿನ ಮ್ಯೂಸಿಯಂನಲ್ಲಿದೆ. ಗಾಮಾ ಮೇಲೆ ನನಗೆ ಪ್ರಾಣ. ಆದರೆ ನೂರು ಕಿಲೋ ಅಪ್ಪಿದವನಾಗಿ ಹೇಳುತ್ತೇನೆ, ಅಷ್ಟು ಭಾರ ಪೂರ್ತಿ ನೆಲ ಬಿಟ್ಟು ಎದೆಗೆ ಬರಲ್ಲ. ಒಂದು ಅಂಚು ಎತ್ತಿದರೂ ಅದು ದೊಡ್ಡದೇ. ತೂಕ ಇದ್ದ ಹಾಗೆ ಹೇಳಿದರೆ ಯಾರ ಮರ್ಯಾದೆಯೂ ಕಮ್ಮಿಯಾಗಲ್ಲ.

ಮರಳಿನ ಚೀಲ 110 ಮುಟ್ಟಿದಾಗ ಸುಮಾರು ಏಳು ತಿಂಗಳಾಗಿತ್ತು. ಆ ಏಳು ತಿಂಗಳು ಅಗಸಿ ಕಡೆ ಹೋಗಿರಲಿಲ್ಲ. ಹಬ್ಬದ ದಿನ ಮೊದಲ ಸಲ ತೊಡೆಯಿಂದಲೇ ಜಾರಿತು, ಕಾಲಿನ ಚರ್ಮ ಕಿತ್ತಿತು. ಐದು ನಿಮಿಷ ಬಿಟ್ಟು ಮತ್ತೆ ಕೂತೆ. ಈ ಸಲ ತೊಡೆ ಮೇಲೆ ಹತ್ತು ಎಣಿಸಿದೆ. ಸೊಂಟ ಒತ್ತಿದೆ. ಗುಂಡು ಎದೆಗೆ ಬಂದಾಗಲೇ ಇದು ಬಂತು ಅಂತ ಗೊತ್ತಾಯಿತು. ಕಟ್ಟೆ ಮೇಲೆ ಇಳಿಸಿದಾಗ ಮೊದಲು ಬಂದು ಬೆನ್ನು ತಟ್ಟಿದ್ದು ಉಸ್ತಾದರೇ. "ಚೀಲ ಎಷ್ಟರದ್ದು?" ಅಂತ ಕೇಳಿದರು.

ಈಗ ಗರಡಿ ಹಿಂದೆ ಎರಡು ಮರಳಿನ ಚೀಲ ಬಿದ್ದಿವೆ. ನಮ್ಮ ಹಿತ್ತಲಲ್ಲಿ 18 ಇಂಚಿನ ಹೊಸ ಎರಕ ಒದ್ದೆ ಗೋಣಿ ಹೊದ್ದು ಕೂತಿದೆ. 120 ಕೆ.ಜಿ. ಬರಬೇಕು. ಈ ಸಲ 28 ದಿನ ಪೂರ್ತಿ ನೀರುಣಿಸಿ, ತೂಗಿಸಿ, ಆಮೇಲೇ ಮುಟ್ಟುತ್ತೇನೆ.