ಇಟಲಿಯ ಕಡಲತೀರ: ಫೋಟೊ ಆಮೇಲೆ, ಮೊದಲು ಕಾಲಡಿ ನೋಡಿ

ಇಟಲಿಯ ಅಮಾಲ್ಫಿ ತೀರದ ಊರು ಪೊಸಿತಾನೊದ ಚಿತ್ರ ಒಮ್ಮೆ ಕಣ್ಣಿಗೆ ಬಿದ್ದರೆ ಸಾಕು, ಮನಸ್ಸು ಅಲ್ಲೇ ನಿಂತುಬಿಡುತ್ತದೆ. ಬೆಟ್ಟಕ್ಕೆ ಆತುಕೊಂಡ ಬಣ್ಣದ ಮನೆಗಳು, ಕೆಳಗೆ ನೀಲಿ ನೀರು. ನಾನೂ ಅದನ್ನೇ ನಂಬಿ ಅಮ್ಮನನ್ನು ಕರೆದುಕೊಂಡು ಹೋದೆ. ತೀರದಲ್ಲಿ ಮರಳಿಗಿಂತ ಬೆಣಚುಕಲ್ಲೇ ಹೆಚ್ಚು. ಜುಲೈ ಬಿಸಿಲಿಗೆ ಅದು ಹಂಚಿನಂತೆ ಕಾದಿತ್ತು. ಮರವಂತೆಯ ಮರಳಲ್ಲಿ ಬರಿಗಾಲಲ್ಲಿ ಓಡಾಡಿದ ಅಮ್ಮ, ಸೀರೆಯ ನೆರಿಗೆ ಎತ್ತಿಕೊಂಡು ನಾಲ್ಕು ಹೆಜ್ಜೆ ಇಟ್ಟವರು ಚಪ್ಪಲಿ ಹುಡುಕತೊಡಗಿದರು. ಮತ್ತೆ ನೀರಿನ ಕಡೆ ತಿರುಗಲೇ ಇಲ್ಲ.

ಹಾಗಾಗಿ ಮೊದಲ ಕೆಲಸ, ನಿಮ್ಮ ಜೊತೆ ಬರುವವರು ಯಾರು ಎಂದು ನೋಡುವುದು. ಪುಟ್ಟ ಮಕ್ಕಳು, ಈಜು ಬಾರದ ಹಿರಿಯರು ಇದ್ದರೆ ಪೂರ್ವದ ಆಡ್ರಿಯಾಟಿಕ್ ತೀರಕ್ಕೆ ಹೋಗಿ. ರಿಮಿನಿ ಸುತ್ತಮುತ್ತ ಸುಮಾರು 15 ಕಿಲೋಮೀಟರ್ ಉದ್ದಕ್ಕೂ ಮರಳೇ ಮರಳು. ಸಮುದ್ರದೊಳಗೆ ಬಹಳ ದೂರ ನಡೆದರೂ ನೀರು ಸೊಂಟ ದಾಟುವುದಿಲ್ಲ. ಬೊಲೊನ್ಯಾದಿಂದ ರೈಲಿನಲ್ಲಿ ಒಂದು ಗಂಟೆಯ ದಾರಿ. ಫೋಟೊಗೆ ಅದು ಸಾಧಾರಣ ಊರು, ನಿಜ. ಆದರೆ ಅಮ್ಮ ಸಂಜೆಯವರೆಗೂ ನೀರಲ್ಲಿ ನಿಂತದ್ದು ಅಲ್ಲೇ.

ಬಂಡೆ, ಆಳದ ತಿಳಿನೀರು, ಈಜು ಇಷ್ಟಪಡುವವರಿಗೆ ಪಶ್ಚಿಮದ ಲಿಗೂರಿಯಾ, ಅಮಾಲ್ಫಿ ತೀರಗಳೇ ಸರಿ. ಲಿಗೂರಿಯಾದ ಚಿಂಕ್ವೆ ತೆರ್ರೆಯ ಐದು ಊರುಗಳಲ್ಲಿ ಹೇಳಿಕೊಳ್ಳುವಂಥ ಮರಳಿನ ತೀರ ಇರುವುದು ಮೊಂತೆರೊಸ್ಸೊದಲ್ಲಿ ಮಾತ್ರ. ಅವುಗಳಲ್ಲೊಂದಾದ ಕೊರ್ನಿಲಿಯಾದಲ್ಲಿ ರೈಲು ನಿಲ್ದಾಣದಿಂದ ಊರಿಗೆ ನಡೆದು ಹೋಗುವುದಾದರೆ ಸುಮಾರು 380 ಮೆಟ್ಟಿಲು ಹತ್ತಬೇಕು. ಮಂಡಿನೋವು ಇರುವವರನ್ನು ಅಲ್ಲಿ ಉಳಿಸಬೇಡಿ. ಐದೂ ಊರುಗಳ ನಡುವೆ ರೈಲು ಓಡುತ್ತದೆ, ಮೊಂತೆರೊಸ್ಸೊದಲ್ಲಿ ರೂಮು ಹಿಡಿದು ಉಳಿದವನ್ನು ನೋಡಿಬರಬಹುದು.

ಆಮೇಲೆ ತಿಂಗಳು. ನಮ್ಮವರು ಹೆಚ್ಚು ಎಡವುವುದು ಇಲ್ಲೇ. ಕರ್ನಾಟಕದ ಶಾಲೆಗಳಿಗೆ ರಜೆ ಏಪ್ರಿಲ್, ಮೇ ತಿಂಗಳಲ್ಲಿ. ಆದರೆ ಏಪ್ರಿಲ್‌ನಲ್ಲಿ ಅಲ್ಲಿನ ನೀರು ಸುಮಾರು 15 ಡಿಗ್ರಿ, ಮಕ್ಕಳು ಕಾಲಿಟ್ಟ ಕೂಡಲೇ ಕಿರುಚುತ್ತಾರೆ. ಆಗಸ್ಟ್‌ನಲ್ಲಿ ನೀರು ಹಿತ, ಆದರೆ 15ರ ಫೆರ್ರಾಗೊಸ್ತೊ ಹಬ್ಬದ ಆಸುಪಾಸಿನಲ್ಲಿ ಇಟಲಿಗೆ ಇಟಲಿಯೇ ಕಡಲಿಗೆ ಇಳಿದಿರುತ್ತದೆ, ದರವೂ ಏರಿರುತ್ತದೆ. ನನ್ನ ಕೇಳಿದರೆ ದಸರಾ ರಜೆಗೆ ದಕ್ಷಿಣದ ಸಿಸಿಲಿ ದ್ವೀಪ. ಅಕ್ಟೋಬರ್‌ನಲ್ಲೂ ನೀರು 22 ಡಿಗ್ರಿ ಆಸುಪಾಸು ಇರುತ್ತದೆ. ಪಲೆರ್ಮೊದಿಂದ ಸುಮಾರು ಒಂದು ಗಂಟೆ ರೈಲಿನಲ್ಲಿ ಹೋದರೆ ಚೆಫಲು. ಮರಳಿನ ತೀರ, ಅದರ ಬೆನ್ನಿಗೇ ಹಳೇ ಪೇಟೆ, ನಡುವೆ 12ನೇ ಶತಮಾನದ ಚರ್ಚು. ಆ ಹೊತ್ತಿಗೆ ಕುರ್ಚಿ, ಛತ್ರಿ ಬಾಡಿಗೆ ಕೊಡುವ ಕೆಲವರು ಅಂಗಡಿ ಕಟ್ಟಿಕೊಂಡು ಹೋಗಿರುತ್ತಾರೆ, ಒಂದು ಚಾದರ ಜೊತೆಗಿರಲಿ.

ಈ ಬಾಡಿಗೆಯ ಲೆಕ್ಕವನ್ನೂ ಮೊದಲೇ ತಿಳಿದಿರಬೇಕು. ತೀರದ ದೊಡ್ಡ ಭಾಗವನ್ನು 'ಲಿಡೊ' ಎಂಬ ಖಾಸಗಿ ತಾಣಗಳು ಗುತ್ತಿಗೆ ಹಿಡಿದಿರುತ್ತವೆ. ಒಂದು ಛತ್ರಿ, ಎರಡು ಮಲಗುಕುರ್ಚಿಗೆ ದಿನದ ಬಾಡಿಗೆ, ನೀರಿಗೆ ಹತ್ತಿರದ ಸಾಲಿಗೆ ಹೆಚ್ಚು ದರ. ದುಡ್ಡು ಕೊಡದೆ ಕೂರಲು 'ಸ್ಪಿಯಾಜ್ಜಾ ಲಿಬೆರಾ' ಎಂಬ ಫಲಕ ಹುಡುಕಿ. ಲಿಡೊ ಮುಂದೆಯೂ ನೀರಂಚಿನ 5 ಮೀಟರ್ ಜಾಗ ಎಲ್ಲರ ಓಡಾಟಕ್ಕೆ ಮುಕ್ತ, ಯಾರೂ ತಡೆಯುವಂತಿಲ್ಲ.

ಸಸ್ಯಾಹಾರಿಗಳಿಗೆ ಒಂದು ಮಾತು. ರಿಮಿನಿ ಕಡೆಯ ಪಿಯಾದಿನಾ ನಮ್ಮ ರೊಟ್ಟಿಯಂತೆ ಕಂಡರೂ ಸಾಂಪ್ರದಾಯಿಕವಾಗಿ ಅದರ ಹಿಟ್ಟಿಗೆ ಹಂದಿಕೊಬ್ಬು ಸೇರುತ್ತದೆ, ಆಲಿವ್ ಎಣ್ಣೆಯದ್ದೇ ಕೇಳಿ. ಸಿಸಿಲಿಯಲ್ಲಿ ಕಡಲೆಹಿಟ್ಟನ್ನು ಬೇಯಿಸಿ, ತೆಳ್ಳಗೆ ಹೆಚ್ಚಿ ಕರಿಯುವ ಪನೆಲ್ಲೆ ಸಿಗುತ್ತದೆ. ಬಿಸಿಯಾಗಿದ್ದಾಗ ಬನ್ನಿನಲ್ಲಿಟ್ಟು ತಿಂದರೆ ಊರು ನೆನಪಾಗುತ್ತದೆ.

ಊರು, ತಿಂಗಳು ಗೊತ್ತಾದ ಮೇಲೆ ಬೆಂಗಳೂರಿನಲ್ಲೇ ಷೆಂಗೆನ್ ವೀಸಾಕ್ಕೆ ಅರ್ಜಿ ಹಾಕಿ. ಪ್ರಯಾಣಕ್ಕೆ 6 ತಿಂಗಳು ಮುಂಚೆಯೇ ಸಲ್ಲಿಸಬಹುದು. ರದ್ದು ಮಾಡಿದರೆ ಹಣ ಮರಳುವ ರೂಮನ್ನೇ ಕಾಯ್ದಿರಿಸಿ.

ಕೊನೆಗೆ, ಸಾರ್ಡೀನಿಯಾ ದ್ವೀಪವನ್ನು ಆರಿಸಿಕೊಂಡವರಿಗೆ: ಸ್ತಿಂತಿನೊದ ಲಾ ಪೆಲೋಸಾ ತೀರಕ್ಕೆ ಬೇಸಿಗೆಯಲ್ಲಿ ದಿನಕ್ಕೆ 1,500 ಜನರಿಗಷ್ಟೇ ಪ್ರವೇಶ, ಟಿಕೆಟ್ಟನ್ನು ಆನ್‌ಲೈನ್‌ನಲ್ಲಿ ಮುಂಚೆಯೇ ತೆಗೆಯಬೇಕು. ಒದ್ದೆ ಟವೆಲ್ಲಿಗೆ ಮರಳು ಅಂಟಿ ಹೋಗುತ್ತದೆಂದು ಕೆಳಗೆ ಚಾಪೆ ಹಾಸುವುದು ಅಲ್ಲಿ ಕಡ್ಡಾಯ. ದ್ವೀಪದಿಂದ ಮರಳು, ಚಿಪ್ಪು ಒಯ್ದರೆ 500ರಿಂದ 3,000 ಯೂರೊವರೆಗೆ ದಂಡ ಬೀಳುತ್ತದೆ. ಹೊರಡುವಾಗ ಮಕ್ಕಳ ಬಕೆಟ್ಟು, ಜೇಬು ಎರಡನ್ನೂ ಅಲ್ಲೇ ಕೊಡವಿಬಿಡಿ.