ಫೆಲ್ಪ್ಸ್ ಕೆರೆಗೆ ಹೋದರೆ ಮೊದಲು ಕಾಲುವೆ ನೋಡಿ

ಫೆಲ್ಪ್ಸ್ ಕೆರೆ ಇರುವುದು ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದಲ್ಲಿ. ಅಲ್ಲಿನ ರಾಜಧಾನಿ ರಾಲೆಯಿಂದ 64ನೇ ಹೆದ್ದಾರಿ ಹಿಡಿದು ಪೂರ್ವಕ್ಕೆ ಹೊರಡಿ. ಕ್ರೆಸ್ವೆಲ್ ಊರಿನ ಹತ್ತಿರ ತಿರುಗಬೇಕು. ಬೆಳಿಗ್ಗೆ ಬೇಗ ಹೊರಡಿ, ನೀರು, ಬುತ್ತಿ ಕಟ್ಟಿಕೊಳ್ಳಿ.

ತುಂಬಾ ಜನ ನೇರ ಕೆರೆ ದಡಕ್ಕೆ ಹೋಗುತ್ತಾರೆ. ನಾನು ಹೇಳೋದು, ಮೊದಲು ಕೆರೆ ಪಕ್ಕದ ಸೋಮರ್ಸೆಟ್ ಪ್ಲೇಸ್‌ಗೆ ಹೋಗಿ. ಗುಲಾಮರನ್ನು ದುಡಿಸುತ್ತಿದ್ದ ಹಳೆಯ ದೊಡ್ಡ ಎಸ್ಟೇಟ್ ಅದು. ಮಾಲೀಕರ ದೊಡ್ಡ ಮನೆ ಕಣ್ಣು ಸೆಳೆಯುತ್ತದೆ. ಅಲ್ಲೇ ನಿಲ್ಲಬೇಡಿ, ಕಾಲುವೆಯ ಬದಿಗೆ ನಡೆಯಿರಿ. 1786ರಲ್ಲಿ ಪಶ್ಚಿಮ ಆಫ್ರಿಕಾದಿಂದ ಹಡಗಿನಲ್ಲಿ ತಂದ 80 ಜನರನ್ನು ಈ ಜೌಗು ನೆಲಕ್ಕೆ ಇಳಿಸಿದರು. ಕೆರೆಯಿಂದ ಸ್ಕಪರ್ನಾಂಗ್ ನದಿವರೆಗೆ ಸುಮಾರು 6 ಮೈಲಿ ಕಾಲುವೆ ತೋಡಿದ್ದು ಗುಲಾಮರಾಗಿದ್ದವರ ಕೈಗಳು. ನೀರು ಈಗ ಸುಮ್ನೆ ನಿಂತಿದೆ. ನಾನು ಅಲ್ಲಿ ಅರ್ಧ ಗಂಟೆ ಕೂತಿದ್ದೆ, ಎದ್ದು ಬರಲು ಮನಸ್ಸಾಗಲಿಲ್ಲ.

ಮತ್ತೆ ಕಟ್ಟಿರುವ ಗುಲಾಮರ ಮನೆಗಳ ಒಳಗೂ ಹೋಗಿ. 1865ರವರೆಗೆ 850ಕ್ಕೂ ಜಾಸ್ತಿ ಜನ ಇಲ್ಲಿ ಗುಲಾಮರಾಗಿ ಬದುಕಿದ್ದರು. 1986ರಲ್ಲಿ ಅವರ ವಂಶದವರು ಇಲ್ಲೇ ಮತ್ತೆ ಸೇರಿದರು. ಆ ವಂಶದವರಲ್ಲೇ ಒಬ್ಬರಾದ ಡೊರೊಥಿ ಸ್ಪ್ರುಯಿಲ್ ರೆಡ್‌ಫರ್ಡ್ ಅವರ ವರ್ಷಗಳ ಹುಡುಕಾಟದ ಫಲ ಅದು.

ಆಮೇಲೆ ಪಕ್ಕದ ಪೆಟಿಗ್ರೂ ಪಾರ್ಕ್. ಫೆಲ್ಪ್ಸ್ ಕೆರೆ ಇರೋದು ಇದರೊಳಗೇ. ಈ ಕೆರೆಯ ತಳದಲ್ಲಿ 30 ಮರದ ದೋಣಿಗಳು ಸಿಕ್ಕಿವೆ. ಸೈಪ್ರೆಸ್ ಮರದ ದಿಮ್ಮಿಯನ್ನು ಬೆಂಕಿಯಲ್ಲಿ ಸುಟ್ಟು, ಕೆರೆದು ಮಾಡಿದವು. ಅತಿ ಹಳೆಯದಕ್ಕೆ ಸುಮಾರು 4,400 ವರ್ಷ! ಕೆರೆ ಆಳವಿಲ್ಲ, ನೀರು ತಿಳಿ. ಕಟ್ಟೆಯ ಮೇಲೆ ನಿಂತು ಬಗ್ಗಿ ನೋಡಿ.